ಹಿಚುಕುವ ಕೈಗೆ ಬೆತ್ತವೇಕೆ?

ಹಿಚುಕುವ, ತಿರುಗಿಸುವ ಆಟಿಕೆಗಳನ್ನೆಲ್ಲ ತರಗತಿಯಿಂದ ಹೊರಗಿಡಬೇಕೆಂಬ ಕಳೆದ ಸಂಚಿಕೆಯ ಲೇಖನಕ್ಕೆ ಈ ಪ್ರತಿಕ್ರಿಯೆ.

2017ರಲ್ಲಿ ಹುಚ್ಚೆಬ್ಬಿಸಿದ, ಬೆರಳಲ್ಲಿ ತಿರುಗಿಸುವ ಫಿಜೆಟ್ ಸ್ಪಿನ್ನರ್ ಬಗ್ಗೆ ಲೇಖಕರ ಮಾತು ನಿಜ. ಅದು ಕಣ್ಣನ್ನೇ ಸೆಳೆಯುತ್ತದೆ. ಗಮನಕ್ಕೆ ತೊಡಕೆಂದು ಅಧ್ಯಯನಗಳೂ ಹೇಳಿವೆ. ಆದರೆ ಡೆಸ್ಕಿನ ಕೆಳಗೆ ಥೆರಪಿ ಪುಟ್ಟಿಯ ಮುದ್ದೆ ಅಮುಕುವ ಮಗು ಅದನ್ನು ನೋಡಬೇಕಾಗಿಯೇ ಇಲ್ಲ. ಆಕ್ಯುಪೇಷನಲ್ ಥೆರಪಿಸ್ಟ್ ಅಂಥ ಮುದ್ದೆಯೊಳಗೆ ಮಣಿ ಹುದುಗಿಸಿ ಕೊಡುತ್ತಾರೆ. ಹೆಬ್ಬೆರಳು, ತೋರುಬೆರಳು ಸೇರಿಸಿ ಒಂದೊಂದನ್ನೇ ಕಿತ್ತು ತೆಗೆಯಬೇಕು. ಅಂಗಿಯ ಗುಂಡಿ ಹಾಕಲು, ಪೆನ್ಸಿಲ್ ಹಿಡಿಯಲು ಬೇಕಾದ ಬಲ ಬರುವುದು ಹೀಗೆ. ಮನೆಯಲ್ಲಾದರೆ ಚಪಾತಿ ಹಿಟ್ಟು, ಕಡಲೆಕಾಳು ಸಾಕು. (ಕಾಳನ್ನು ಮೂಗಿಗೆ ತುರುಕಿಕೊಳ್ಳುವ ವಯಸ್ಸಾದರೆ ಇದು ಬೇಡವೇ ಬೇಡ.)

‘ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ’ ಅಂತೆ. ಇತ್ತು ಸ್ವಾಮಿ! ಕಾಲರ್ ಒದ್ದೆಯಾಗುವಷ್ಟು ಕಚ್ಚುವ, ಉಗುರಿನಿಂದ ಬೆಂಚು ಕೆರೆಯುವ ಮಕ್ಕಳು ಆಗಲೂ ಇದ್ದರು. ಅವರಿಗೆ ಸಿಗುತ್ತಿದ್ದುದು ಬೆತ್ತ.

ಎಲ್ಲರಿಗೂ ಎಲ್ಲ ಆಟಿಕೆ ಕೊಡಿ ಎಂದು ಯಾರೂ ಕೇಳುತ್ತಿಲ್ಲ. ಮುಳ್ಳುಮುಳ್ಳಾದ ರಬ್ಬರ್ ಉಂಗುರ ಒಂದು ಮಗುವಿಗೆ ಹಿತ, ಇನ್ನೊಂದಕ್ಕೆ ಅದನ್ನು ಮುಟ್ಟುವುದೇ ಹಿಂಸೆ. ‘ಸೆನ್ಸರಿ’ ಎಂಬ ಲೇಬಲ್ ನೋಡಿ ಕೊಂಡರೆ ದುಡ್ಡು ದಂಡ. ಲೇಖಕರು ಇಷ್ಟೇ ಹೇಳಿದ್ದರೆ ನನ್ನ ತಕರಾರಿರಲಿಲ್ಲ.

ಆದರೆ ಸಾರಾಸಗಟು ನಿಷೇಧ? 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಆಟಿಸಂ, ಕಲಿಕಾ ನ್ಯೂನತೆಗಳನ್ನೂ ಪಟ್ಟಿಗೆ ಸೇರಿಸಿದೆ. ಸರ್ಕಾರದ ಮಾನ್ಯತೆ ಪಡೆದ ಶಾಲೆಗಳು ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲ ಒದಗಿಸಬೇಕು ಎಂದಿದೆ. ಸದ್ದು ಮಾಡದ, ಮುಷ್ಟಿಯಲ್ಲಿ ಅಡಗುವ ವಸ್ತು ಯಾವ ಮಗುವಿಗೆ, ಯಾವ ಹೊತ್ತಿಗೆ ಎಂಬುದನ್ನು ಶಿಕ್ಷಕರೂ ಪೋಷಕರೂ ಕೂತು ನಿರ್ಧರಿಸಲಿ. ಬ್ಯಾಗು ಜಾಲಾಡುವ ಕೆಲಸ ಬೇಡ.