ಡಿಸ್ಕ್ ಇಲ್ಲದ ಪಿಎಸ್5 ತಗೋಬೇಡಿ ಕಣ್ರೋ | ಭಾಗ 3

ದುಡ್ಡು ಉಳೀತು ಅಂತ ಡಿಜಿಟಲ್ ಎಡಿಷನ್ ತಗೊಳ್ಳೋಕೆ ಹೊರಟವ್ರೇ, ಒಂದ್ನಿಮಿಷ ನಿಲ್ಲಿ. 2021ರ ಫೆಬ್ರವರಿಯಲ್ಲಿ ಪಿಎಸ್5 ಇಂಡಿಯಾಕ್ಕೆ ಬಂದಾಗ ಡಿಸ್ಕ್ ಹಾಕೋದಕ್ಕೆ 49,990, ಇಲ್ಲದ್ದಕ್ಕೆ 39,990. ಆಮೇಲೆ ಬೆಲೆ ಏರಿದೆ, ಗಾಳ ಮಾತ್ರ ಅದೇ.

ಲೆಕ್ಕ ಹಾಕಿ. ದೊಡ್ಡ ಗೇಮ್ ಒಂದಕ್ಕೆ 4,999. ಕಡೂರಲ್ಲೊಬ್ಬ, ತರೀಕೆರೇಲೊಬ್ಬ, ಅಜ್ಜಂಪುರದಲ್ಲೊಬ್ಬ ಒಂದೊಂದು ಡಿಸ್ಕ್ ತಗೊಂಡು ಬದಲಾಯಿಸಿಕೊಂಡ್ರೆ ಮೂವರೂ ಮೂರು ಗೇಮ್ ಆಡ್ಬಹುದು. ಮೂರೂ ಊರಿನ ರೈಲು ಬೀರೂರಲ್ಲಿ ಸೇರುತ್ತೆ, ಕೊರಿಯರ್ ಖರ್ಚೂ ಇಲ್ಲ. ಆಡಿ ಮುಗಿಸಿ ಅರ್ಧ ಬೆಲೆಗೆ ಮಾರಿದ್ರೂ ನಾಲ್ಕು ಡಿಸ್ಕಿಗೆ ಸುಮಾರು 10,000 ವಾಪಸ್. ಡಿಜಿಟಲ್ ಗೇಮನ್ನ ಯಾರಿಗೆ ಮಾರ್ತೀರಾ? ಸಿಕ್ಕಿರೋದು ಬರೀ ಲೈಸೆನ್ಸ್ ಅಂತ ಅವರ ಷರತ್ತಲ್ಲೇ ಬರೆದಿದೆ. ನಾವು ಓದದೇ ಒಪ್ಪಿಗೆ ಒತ್ತಿ ಮುಂದೆ ಹೋಗ್ತೀವಿ.

ಇನ್ನು ಡೌನ್‌ಲೋಡ್. 100 ಜಿಬಿ ಗೇಮು, ದಿನಕ್ಕೆ 1.5 ಜಿಬಿ ಪ್ಯಾಕು. 67 ದಿನ! (ಮನೇಲಿ ಫೈಬರ್ ಇರೋ ಮಹಾರಾಜರು ಸುಮ್ನಿರಿ.)

"ಡಿಸ್ಕ್ ಇದ್ರೂ ಸರ್ವರ್ ಮುಚ್ಚಿದ್ರೆ ಗೇಮ್ ಸಾಯುತ್ತಲ್ಲ" ಅಂತೀರಾ? ನಿಜ. 2024ರಲ್ಲಿ ಯೂಬಿಸಾಫ್ಟ್ ದಿ ಕ್ರೂ ಗೇಮಿನ ಸರ್ವರ್ ನಿಲ್ಲಿಸಿದಾಗ ಡಿಸ್ಕ್ ಇಟ್ಕೊಂಡವರಿಗೂ ಆಡೋಕಾಗ್ಲಿಲ್ಲ. ಅದು ಡಿಸ್ಕಿನ ತಪ್ಪಲ್ಲ, ಒಬ್ಬನೇ ಆಡೋಕೂ ಇಂಟರ್ನೆಟ್ ಬೇಕು ಅನ್ನೋ ಹಾಗೆ ಗೇಮ್ ಮಾಡಿದವರ ಕೊಬ್ಬು.

ಈಗ ಸ್ಲಿಮ್ ಡಿಜಿಟಲ್‌ಗೂ ಪ್ರೋಗೂ ಡ್ರೈವ್ ಬೇಕಂದ್ರೆ ಬೇರೆ ದುಡ್ಡು. ನಾವು ಡ್ರೈವ್ ಇಲ್ಲದ್ದನ್ನೇ ಕೊಳ್ತಾ ಹೋದ್ರೆ ಅವರು ಯಾಕಾದ್ರೂ ಕೊಡ್ತಾರೆ?

ಹತ್ರ ಡಿಸ್ಕ್ ಇರೋರು ಊರಿನ ಹೆಸರು, ಗೇಮಿನ ಹೆಸರು ಕಾಮೆಂಟಲ್ಲಿ ಹಾಕಿ. ಬದಲಾಯಿಸೋ ಪಟ್ಟಿ ಭಾಗ 4ರಲ್ಲಿ.