ಲಾರಿಸಾ ಗೆದ್ದದ್ದು ಪವಾಡ ಅಲ್ಲ

ಫುಟ್‌ಬಾಲ್ ಬಗ್ಗೆ ಇಂಗ್ಲಿಷಿನಲ್ಲಿ ಬರೆಯೋರಿಗೆ ಒಂದು ಚಟ ಇದೆ. ಸಣ್ಣ ಊರಿನ ಕ್ಲಬ್ ಒಂದು ಲೀಗ್ ಗೆದ್ದರೆ ಸಾಕು, ತಕ್ಷಣ 'ಕಾಲ್ಪನಿಕ ಕಥೆ', 'ಪವಾಡ' ಅಂತ ಶುರು ಮಾಡ್ತಾರೆ. ಗ್ರೀಸಿನ ಲಾರಿಸಾ ಕ್ಲಬ್ಬಿಗೂ ಇದೇ ಗತಿ. 2016ರಲ್ಲಿ ಲೆಸ್ಟರ್ ಗೆದ್ದ ಮೇಲಂತೂ 'ಲೆಸ್ಟರಿಗಿಂತ ಮೊದಲಿನ ಲೆಸ್ಟರ್' ಅನ್ನೋ ಹಣೆಪಟ್ಟಿಯೂ ಬಂತು. ನಮ್ಮ ಕೇಳುಗರಲ್ಲೂ ಕೆಲವರು ಇದನ್ನೇ ಹೇಳ್ತಾರೆ. ಇದು ಹೊಗಳಿಕೆ ಅಲ್ಲ, ಅವಮಾನ ಅಂತ ನನ್ನ ವಾದ.

ಮೊದಲು ಲೆಕ್ಕ ನೋಡೋಣ, ನನ್ನ ಕಸುಬೇ ಅದು. ಗ್ರೀಸಿನಲ್ಲಿ ರಾಷ್ಟ್ರೀಯ ಚಾಂಪಿಯನ್‌ಶಿಪ್ ಶುರುವಾಗಿದ್ದು 1920ರ ದಶಕದ ಕೊನೆಯಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಅದನ್ನು ಗೆದ್ದಿರೋದು ಆರೇ ಆರು ಕ್ಲಬ್ಬುಗಳು. ಒಲಿಂಪಿಯಾಕೋಸ್, ಪನಥಿನಾಯಿಕೋಸ್, ಎಇಕೆ ಈ ಮೂರೂ ಅಥೆನ್ಸ್ ಮತ್ತು ಅದಕ್ಕೆ ಅಂಟಿಕೊಂಡ ಪಿರೇಯಸ್ ಬಂದರಿನವು. ಆರಿಸ್, ಪಿಎಒಕೆ ಥೆಸಲೋನಿಕಿಯವು. ಆರನೆಯದು ಲಾರಿಸಾ, ಅದೂ ಒಂದೇ ಒಂದು ಸಲ, 1988ರಲ್ಲಿ. ಇಂಥ ಬಿಂದುವನ್ನು ನಮ್ಮ ಭಾಷೆಯಲ್ಲಿ ಔಟ್‌ಲಯರ್ ಅಂತೀವಿ. ಸೋಮಾರಿ ವಿಶ್ಲೇಷಕ ಅದನ್ನು ಅಳಿಸಿ ಹಾಕಿ ಗೆರೆ ಎಳೀತಾನೆ. 'ಪವಾಡ' ಅನ್ನೋದೂ ಅಳಿಸುವ ಕೆಲಸವೇ, ಸ್ವಲ್ಪ ಮರ್ಯಾದೆಯಿಂದ ಅಷ್ಟೆ. ಪವಾಡಕ್ಕೆ ಕಾರಣ ಹುಡುಕಬೇಕಾಗಿಲ್ಲವಲ್ಲ!

ಕಾರಣಗಳು ಕಣ್ಣೆದುರಿಗೇ ಇವೆ. 1964ರಲ್ಲಿ ಊರಿನ ನಾಲ್ಕು ಕ್ಲಬ್ಬುಗಳು, ಅಂದರೆ ಇರಾಕ್ಲಿಸ್, ಆರಿಸ್, ತೊಕ್ಸೋಟಿಸ್, ಲಾರಿಸಾಯಿಕೋಸ್, ತಮ್ಮ ಹೆಸರು ಬಿಟ್ಟು ಒಂದಾದವು. ತಲೆಮಾರಿನಿಂದ ಜಗಳ ಆಡಿಕೊಂಡು ಬಂದ ಅಭಿಮಾನಿಗಳನ್ನು ಒಂದೇ ಬಣ್ಣದ ಕೆಳಗೆ ತರೋದು ಸುಲಭವಾ? ಯಾವುದಾದರೂ ಸಂಘದ ಎರಡು ಬಣಗಳನ್ನು ಒಂದು ಮಾಡಲು ಹೋದವರಿಗೆ ಇದರ ಕಷ್ಟ ಗೊತ್ತಿರುತ್ತೆ. ಮುಂದಿನ ದಶಕದಲ್ಲಿ ತಂಡ ಮೊದಲ ದರ್ಜೆಗೆ ಏರಿತು. 1982ರಲ್ಲಿ ಕಪ್ ಫೈನಲ್, ಸೋಲು. 1983ರಲ್ಲಿ ಲೀಗಿನಲ್ಲಿ ಎರಡನೇ ಸ್ಥಾನ. 1984ರಲ್ಲಿ ಮತ್ತೆ ಫೈನಲ್, ಮತ್ತೆ ಪನಥಿನಾಯಿಕೋಸ್ ಎದುರೇ ಸೋಲು. 1985ರಲ್ಲಿ ಪಿಎಒಕೆಯನ್ನು 4-1ರಿಂದ ಹೊಡೆದು ಕಪ್. ಅದೇ ಋತುವಿನಲ್ಲಿ ಯುರೋಪಿನ ಕಪ್ ವಿನ್ನರ್ಸ್ ಕಪ್ಪಿನ ಕ್ವಾರ್ಟರ್‌ಫೈನಲ್. ಅಲ್ಲಿ ಡೈನಮೋ ಮಾಸ್ಕೋ ಎದುರು ಎರಡು ಪಂದ್ಯ ಸೇರಿ ಒಂದೇ ಗೋಲಿನ ಸೋಲು. ಆಮೇಲೆ 1988. ಈ ಸಾಲನ್ನು ಗ್ರಾಫಿನಲ್ಲಿ ಹಾಕಿ ನೋಡಿ. ಇದಕ್ಕೆ ಪವಾಡ ಅಂತಾರಾ, ಬೆಳೆ ಅಂತಾರಾ?

ಬೆಳೆ ಅನ್ನೋ ಮಾತು ಸುಮ್ಮನೆ ಬಂದಿಲ್ಲ. ಲಾರಿಸಾ ಇರೋದು ಥೆಸಲಿಯ ಬಯಲಿನಲ್ಲಿ, ಗ್ರೀಸಿನ ಕಣಜ ಅದು. ಕ್ಲಬ್ಬಿನ ಅಡ್ಡಹೆಸರೇ 'ಬಯಲಿನ ರಾಣಿ'. ಗೆದ್ದ ತಂಡದಲ್ಲಿ ಹೊರಗಿನವರು ಇರಲಿಲ್ಲ ಅಂತಲ್ಲ. ಕೋಚ್ ಯಾಚೆಕ್ ಗ್ಮೋಖ್, 1978ರ ವಿಶ್ವಕಪ್ಪಿಗೆ ಪೋಲೆಂಡ್ ತಂಡವನ್ನು ಕರೆದೊಯ್ದಿದ್ದ ಮನುಷ್ಯ. ಆದರೆ ತಂಡದ ಬೆನ್ನೆಲುಬು ಸುತ್ತಲಿನ ಹುಡುಗರದ್ದು: ವಲಾವೊರಾಸ್, ಮಿತ್ಸಿಬೋನಾಸ್, ಕರಪಿಯಾಲಿಸ್. ಲೆಸ್ಟರಿಗೆ ಥಾಯ್ಲೆಂಡಿನ ಡ್ಯೂಟಿ-ಫ್ರೀ ದೊರೆಯ ದುಡ್ಡಿತ್ತು. ಆ ಹೋಲಿಕೆ ನನಗೆ ಹಿಡಿಸದೇ ಇರೋದು ಇದಕ್ಕೇ. ಲಾರಿಸಾದ ಎದುರಾಳಿಗಳನ್ನೂ ನೋಡಿ. ಅದೇ ಕಾಲದಲ್ಲಿ ಒಲಿಂಪಿಯಾಕೋಸ್ ಇದ್ದದ್ದು ಬ್ಯಾಂಕರ್ ಯೋರ್ಗೊಸ್ ಕೊಸ್ಕೋಟಾಸ್ ಕೈಯಲ್ಲಿ. ಆತ ತನ್ನದೇ ಬ್ಯಾಂಕ್ ಆಫ್ ಕ್ರೀಟಿನ ಹಣ ನುಂಗಿದ ಹಗರಣ 1988ರಲ್ಲೇ ಸಿಡಿದು ದೇಶ ಬಿಟ್ಟು ಓಡಿದ.

ಈಗ ಅಸಲಿ ತಕರಾರಿಗೆ ಬರೋಣ. 'ಆ ಚಾಂಪಿಯನ್‌ಶಿಪ್ಪಿಗೆ ಕಳಂಕ ಇದೆ, ರಸ್ತೆ ಬಂದ್ ಮಾಡಿ ಗಿಟ್ಟಿಸಿಕೊಂಡದ್ದು' ಅಂತ ಹೇಳೋರು ಗ್ರೀಸಿನಲ್ಲೂ ಇದ್ದಾರೆ. ನಡೆದದ್ದು ಇಷ್ಟು. ಋತುವಿನ ನಡುವೆ ಬಲ್ಗೇರಿಯಾದ ಆಟಗಾರ ತ್ಸಿಂಗೋವ್ ಡೋಪಿಂಗ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ. ನಿಯಮದ ಪ್ರಕಾರ ಕ್ಲಬ್ಬಿನ ನಾಲ್ಕು ಅಂಕ ಕತ್ತರಿಸಿದರು. ಆಗ ಒಂದು ಗೆಲುವಿಗೆ ಎರಡೇ ಅಂಕ, ಅಂದರೆ ಎರಡು ಗೆಲುವು ಒಂದೇ ಸಹಿಯಲ್ಲಿ ಮಾಯ. ಊರು ಬೀದಿಗಿಳಿಯಿತು. ಅಥೆನ್ಸ್-ಥೆಸಲೋನಿಕಿ ಹೆದ್ದಾರಿ ಲಾರಿಸಾದ ಪಕ್ಕದಲ್ಲೇ ಹಾದುಹೋಗುತ್ತೆ, ಅದನ್ನು ತಡೆದರು. ದೇಶ ಎರಡು ತುಂಡಾಯ್ತು. ಕೊನೆಗೆ ನಿಯಮ ಬದಲಾಯ್ತು, ತಪ್ಪಿಗೆ ಆಟಗಾರನಿಗಷ್ಟೇ ಶಿಕ್ಷೆ ಅಂತಾಯ್ತು, ಅಂಕಗಳು ವಾಪಸ್ ಬಂದವು.

ಪಂದ್ಯಾವಳಿ ನಡೀತಿರುವಾಗಲೇ ಒತ್ತಡಕ್ಕೆ ಮಣಿದು ನಿಯಮ ತಿದ್ದೋದು ಚೆಂದ ಅಲ್ಲ. ಇದನ್ನು ಒಪ್ಪದೆ ವಾದ ಮಾಡಿದರೆ ನಾನೂ ಬರೀ ಅಭಿಮಾನಿ ಆಗ್ತೀನಿ. ಆದರೆ ಆ ನಿಯಮ ಸರಿಯಿತ್ತಾ? ಒಬ್ಬ ನುಂಗಿದ್ದಕ್ಕೆ ಇಡೀ ತಂಡದ ಎರಡು ಗೆಲುವು ಕಿತ್ತುಕೊಳ್ಳೋದು ನ್ಯಾಯವಾ? ಇನ್ನೊಂದು ಮಾತು. ರಾಜಧಾನಿಯ ಕ್ಲಬ್ಬಿಗೆ ತೊಂದರೆ ಬಂದರೆ ಅದರ ಅಧ್ಯಕ್ಷ ಮಂತ್ರಿಗೆ ಫೋನ್ ಮಾಡಬಹುದು, ಮರುದಿನ ಪತ್ರಿಕೆಗಳಲ್ಲಿ ಬರೆಸಬಹುದು. ಅದಕ್ಕೆ 'ಪ್ರಭಾವ' ಅಂತ ಮರ್ಯಾದೆಯ ಹೆಸರು. ಬಯಲಿನ ಜನಕ್ಕೆ ಇದ್ದ ಫೋನು ಆ ರಸ್ತೆ ಒಂದೇ. ಅದಕ್ಕೆ ಮಾತ್ರ 'ಗೂಂಡಾಗಿರಿ' ಅನ್ನೋದಾದರೆ ನಿಮ್ಮ ತಕ್ಕಡಿಯನ್ನು ಸ್ವಲ್ಪ ಪರೀಕ್ಷೆ ಮಾಡಿಸಿ.

ಈ ಬಯಲಿಗೆ ಪ್ರತಿಭಟನೆ ಹೊಸದೂ ಅಲ್ಲ. 1910ರಲ್ಲಿ ಲಾರಿಸಾದ ಹತ್ತಿರದ ಕಿಲೆಲೆರ್‌ನಲ್ಲಿ ಜಮೀನು ಕೇಳಿ ಸಭೆಗೆ ಹೊರಟ ರೈತರು ಟಿಕೆಟ್ ಇಲ್ಲದೆ ರೈಲು ಹತ್ತಲು ಹೋದಾಗ ಸೈನಿಕರು ಗುಂಡು ಹಾರಿಸಿದ್ದರು. ಈಗಲೂ ಥೆಸಲಿಯ ರೈತರು ಸಿಟ್ಟು ಬಂದಾಗ ಟ್ರ್ಯಾಕ್ಟರ್ ತಂದು ನಿಲ್ಲಿಸೋದು ಅದೇ ಹೆದ್ದಾರಿಯ ಮೇಲೆ.

ಇಷ್ಟಕ್ಕೂ ಅಂಕ ವಾಪಸ್ ಕೊಟ್ಟ ಮಾತ್ರಕ್ಕೆ ಕಪ್ ಮನೆಗೆ ಬರಲ್ಲ, ಆಡಿ ಗೆಲ್ಲಬೇಕು. 1988ರ ಮೇ 1ರಂದು ಅಲ್ಕಸಾರ್ ಸ್ಟೇಡಿಯಮ್ಮಿನಲ್ಲಿ ಥೆಸಲೋನಿಕಿಯ ಇರಾಕ್ಲಿಸ್ ಎದುರು ಪಂದ್ಯ. ಕೊನೆಯ ನಿಮಿಷಗಳವರೆಗೂ ಗೋಲಿಲ್ಲ. ಆಗ ಮಿತ್ಸಿಬೋನಾಸ್ ಹೊಡೆದ ಒಂದು ಗೋಲು, 1-0. ಆತ ಡಿಫೆಂಡರ್, ಅದೇ ಜಿಲ್ಲೆಯ ಹುಡುಗ. ಆ ಗೋಲನ್ನು ಯಾವ ಹೆದ್ದಾರಿಯೂ ಹೊಡೆಯಲಿಲ್ಲ.

ಆಮೇಲೆ ಆಗಿದ್ದನ್ನು ಪವಾಡದವರು ಬರೆಯೋದೇ ಇಲ್ಲ. ಮಿತ್ಸಿಬೋನಾಸ್ ಪಿಎಒಕೆಗೆ ಹೋದ, ಅಲ್ಲಿಂದ ಒಲಿಂಪಿಯಾಕೋಸಿಗೆ. ಕರಪಿಯಾಲಿಸ್ ಕೂಡ ಒಲಿಂಪಿಯಾಕೋಸ್ ಸೇರಿದ. ತೊಂಬತ್ತರ ದಶಕದಲ್ಲಿ ಕ್ಲಬ್ ಮೊದಲ ದರ್ಜೆಯಿಂದ ಉದುರಿತು, ಮೂರನೇ ದರ್ಜೆಯವರೆಗೂ ಇಳಿಯಿತು. ಬೆಳೆದದ್ದನ್ನು ನಗರ ಕೊಂಡುಕೊಂಡಿತು, ಆಮೇಲೆ ಬಯಲಿನಲ್ಲಿ ಏನೂ ಬೆಳೆಯಲ್ಲ ಅಂದಿತು.

2005ರಲ್ಲಿ ತಂಡ ಮತ್ತೆ ಮೇಲೆ ಬಂತು. ಎರಡೇ ವರ್ಷಕ್ಕೆ ಕಪ್ ಫೈನಲ್ಲಿನಲ್ಲಿ ಪನಥಿನಾಯಿಕೋಸನ್ನು 2-1ರಿಂದ ಸೋಲಿಸಿತು, 1982 ಮತ್ತು 1984ರ ಸಾಲ ತೀರಿತು. ಆ ವರ್ಷವೇ ಯುಇಎಫ್ಎ ಕಪ್ಪಿನಲ್ಲಿ ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ತಂಡವನ್ನು ಎರಡು ಪಂದ್ಯ ಸೇರಿ 3-2ರಿಂದ ಮನೆಗೆ ಕಳಿಸಿತು. ಅದೂ ಪವಾಡವೇ ಅನ್ನೋರು ಮುಂದಿನ ಎಪಿಸೋಡಿಗೆ ಪ್ರಶ್ನೆ ಕಳಿಸಿ. ಕಳಿಸುವಾಗ ಒಂದು ಊರಿಗೆ ಎಷ್ಟು ಪವಾಡದ ಕೋಟಾ ಇರುತ್ತೆ ಅನ್ನೋದನ್ನೂ ಬರೆದು ಕಳಿಸಿ.