ಗಾಲಿಯ ಮೇಲಿನ ಸಂಸಾರ

ಪ್ರವಾಸಕ್ಕೆ ಹೊರಟಾಗ ಮನೆಯನ್ನೂ ಜೊತೆಗೆ ಒಯ್ಯಬೇಕೆಂಬ ಆಸೆ ಮನುಷ್ಯನಿಗೆ ಹೊಸದಲ್ಲ. ಜತ್ತ, ಅಕ್ಕಲಕೋಟೆಗಳ ಕಡೆಯ ನಮ್ಮ ಹಿರಿಯರು ಜಾತ್ರೆಗೆ ಹೊರಡುವಾಗ ಬಂಡಿಗೆ ಬಿದಿರಿನ ಕಮಾನು ಕಟ್ಟಿ, ಮೇಲೆ ತಟ್ಟು ಹೊದಿಸಿ, ಒಳಗೆ ಎತ್ತಿನ ಮೇವನ್ನೇ ಹಾಸಿ, ಅದರ ಮೇಲೆ ಕೌದಿ ಹರಡುತ್ತಿದ್ದರು. ರೊಟ್ಟಿಯ ಬುತ್ತಿ, ಶೇಂಗಾ ಚಟ್ನಿ, ನೀರಿನ ಕೊಡ, ಕಂದೀಲು, ಕೀಲೆಣ್ಣೆ ಇಷ್ಟಿದ್ದರೆ ಎಂಟು ದಿನಗಳ ಸಂಸಾರ ಸಾಗುತ್ತಿತ್ತು. ಅದೇ ಆಸೆ ಇಂದು ಪರದೇಶಗಳಲ್ಲಿ ಪಿಕಪ್ ಗಾಡಿಯನ್ನು ಏರಿದೆ. ಹಿಂಬದಿಯ ತೆರೆದ ತೊಟ್ಟಿಗೆ ಗಟ್ಟಿಯಾದ ಮುಚ್ಚಳವನ್ನು ಕೂಡಿಸಿ, ಒಳಗೆ ಹಾಸಿಗೆ, ಅಡಿಗೆ, ನೀರು, ದೀಪಗಳ ಏರ್ಪಾಡು ಮಾಡಿಕೊಂಡು ಜನರು ಸಾವಿರಾರು ಮೈಲಿ ತಿರುಗುತ್ತಾರೆ. ನಮ್ಮ ತರುಣರು ಇದನ್ನು ಮೊಬೈಲಿನಲ್ಲಿ ಕಂಡು, "ಗುರುಗಳೇ, ನಾವೂ ಹೀಗೆ ಮಾಡಿಸಬಹುದೇ?" ಎಂದು ಕೇಳುತ್ತಾರೆ. ಅವರಿಗೆ ಉತ್ತರವಾಗಿ ಈ ತಿಂಗಳ ಮಾತು.

ಮೊದಲು ಕೊಂಚ ಇತಿಹಾಸ. 1932ರ ಸುಮಾರಿಗೆ ಆಸ್ಟ್ರೇಲಿಯಾದ ರೈತನೊಬ್ಬನ ಹೆಂಡತಿ ಫೋರ್ಡ್ ಕಂಪನಿಗೆ ಒಂದು ಪತ್ರ ಬರೆದಳೆಂದು ಹೇಳುತ್ತಾರೆ. ಭಾನುವಾರ ಚರ್ಚಿಗೆ ಮಾನವಾಗಿ ಹೋಗಲು ಬರಬೇಕು, ಸೋಮವಾರ ಹಂದಿಗಳನ್ನು ಸಂತೆಗೆ ಒಯ್ಯಲೂ ಬರಬೇಕು, ಅಂಥ ಗಾಡಿ ಬೇಕೆಂಬುದು ಅವಳ ಬೇಡಿಕೆ. ಲೂ ಬ್ಯಾಂಟ್ ಎಂಬ ತರುಣ ತಂತ್ರಜ್ಞನು ರೂಪಿಸಿದ ಅಂಥ ಗಾಡಿ 1934ರಲ್ಲಿ ಕಾರ್ಖಾನೆಯಿಂದ ಹೊರಬಿತ್ತು. ಆ ದೇಶದವರು ಇಂದಿಗೂ ಪಿಕಪ್ಪನ್ನು 'ಯೂಟ್' ಎನ್ನುತ್ತಾರೆ.

ಅದರ ಬೆನ್ನ ಮೇಲೆ ಮನೆ ಹೂಡಿ ಹೊರಟವರಲ್ಲಿ ಪ್ರಸಿದ್ಧರಾದವರು ಅಮೆರಿಕದ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್. 1960ರಲ್ಲಿ, ತಮ್ಮ 58ನೆಯ ವಯಸ್ಸಿನಲ್ಲಿ, ಜಿಎಂಸಿ ಪಿಕಪ್ಪೊಂದರ ಮೇಲೆ ಹಡಗಿನ ಕೋಣೆಯಂಥ ಪುಟ್ಟ ಮನೆಯನ್ನು ಕೂಡಿಸಿಕೊಂಡು, ಚಾರ್ಲಿ ಎಂಬ ನಾಯಿಯೊಡನೆ ದೇಶವನ್ನು ಸುತ್ತಿದರು. ಗಾಡಿಗೆ ಅವರಿಟ್ಟ ಹೆಸರು ರೋಸಿನಾಂಟೆ, ಅಂದರೆ ಡಾನ್ ಕ್ವಿಕ್ಸೋಟನ ಕುದುರೆಯ ಹೆಸರು. ಅವರ ಒಂದು ಉಪಾಯ ನಮ್ಮ ತಾಯಂದಿರಿಗೆ ಮೆಚ್ಚಿಗೆಯಾದೀತು. ಮುಚ್ಚಳವುಳ್ಳ ಪ್ಲಾಸ್ಟಿಕ್ ತೊಟ್ಟಿಯಲ್ಲಿ ಕೊಳೆಬಟ್ಟೆ, ಬಿಸಿನೀರು, ಸಾಬೂನು ಹಾಕಿ, ಅದನ್ನು ಒಳಗೆ ತೂಗುಬಿಡುತ್ತಿದ್ದರು. ದಾರಿಯ ಕುಲುಕಾಟಕ್ಕೆ ಬಟ್ಟೆ ತಾನಾಗಿಯೇ ಒಗೆದುಹೋಗುತ್ತಿತ್ತು! ಆದರೆ ಬೇಕಾದುದಕ್ಕಿಂತ ಬಹಳ ಹೆಚ್ಚು ಸಾಮಾನು ಹೇರಿಕೊಂಡಿದ್ದೆನೆಂದು ಅವರೇ ಬರೆದಿದ್ದಾರೆ. ಆರೆಗಾನ್ ಪ್ರಾಂತದಲ್ಲಿ ಮಳೆಯ ಒಂದು ಭಾನುವಾರ ಟೈರು ಒಡೆದು ಅವರು ಪಾಡುಪಟ್ಟುದೂ ಉಂಟು. ಎಷ್ಟು ರಾತ್ರಿ ಅವರು ನಿಜವಾಗಿ ಆ ಗಾಡಿಯಲ್ಲಿ ಮಲಗಿದರು, ಎಷ್ಟು ರಾತ್ರಿ ಹೋಟೆಲುಗಳಲ್ಲಿ ಕಳೆದರು ಎಂಬ ಬಗ್ಗೆ ಈಚೆಗೆ ವಾದ ಎದ್ದಿದೆ. ಅದೇನೇ ಇರಲಿ, ಗಾಡಿ ಮಾತ್ರ ಇಂದಿಗೂ ಕ್ಯಾಲಿಫೋರ್ನಿಯಾದ ಸಲೀನಾಸ್ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿದೆ.

ಒಡೆದ ಟೈರು ಕಲಿಸುವ ಮೊದಲ ಪಾಠ ತೂಕದ್ದು. ಗೊತ್ತಿರುವುದರಿಂದ ಗೊತ್ತಿಲ್ಲದುದರ ಕಡೆಗೆ ಹೋಗಬೇಕೆಂದು ಶಿಕ್ಷಕರ ತರಬೇತಿಯಲ್ಲಿ ನಮಗೆ ಕಲಿಸಿದ್ದರು. ಬಂಡಿ ಹೇರುವುದು ನಮಗೆ ಗೊತ್ತಿದೆ. ಭಾರ ಮುಂದಾದರೆ ಎತ್ತಿನ ಹೆಗಲು ನೋಯುತ್ತದೆ, ಹಿಂದಾದರೆ ನೊಗ ಮೇಲೇಳುತ್ತದೆ. ಪಿಕಪ್ಪಿನಲ್ಲಿಯೂ ಹಿಂಗಾಲಿಯ ಆಚೆಗೆ ಭಾರ ಹೆಚ್ಚಿದರೆ ಮುಂಗಾಲಿಗಳು ಹಗುರಾಗಿ, ಚಾಲಕನು ತಿರುಗಿಸಿದಂತೆ ಗಾಡಿ ತಿರುಗುವುದಿಲ್ಲ. ಆದುದರಿಂದ ನೀರು, ಬ್ಯಾಟರಿಗಳಂಥ ಭಾರದ ವಸ್ತುಗಳು ತಳದಲ್ಲಿ, ಹಿಂದಿನ ಅಚ್ಚಿಗಿಂತ ಮುಂದೆ ಇರಬೇಕು. ಮಾಡಿನ ಮೇಲೆ ಹೇರಿದಷ್ಟೂ ಗಾಡಿ ತಿರುವಿನಲ್ಲಿ ಮಗುಚುವ ಅಪಾಯ ಹೆಚ್ಚು.

ಲೆಕ್ಕಕ್ಕೆಂದು 900 ಕಿಲೋ ಹೊರುವ ಗಾಡಿಯನ್ನು ಹಿಡಿಯೋಣ. ಮುಚ್ಚಳ 100 ಕಿಲೋ, ಹಾಸಿಗೆಯ ಮಂಚ ಮತ್ತು ಪೆಟ್ಟಿಗೆಗಳು 110, ನೀರು 60 ಲೀಟರು ಅಂದರೆ 60 ಕಿಲೋ, ಬ್ಯಾಟರಿ 30, ತುಂಬಿದ ಶೀತಪೆಟ್ಟಿಗೆ 40, ಇಬ್ಬರು ಪ್ರಯಾಣಿಕರು 140, ಉಪಕರಣಗಳು, ಜಾಕು ಮತ್ತು ಹೆಚ್ಚಿನ ಗಾಲಿ 80, ದಿನಸಿ, ಪಾತ್ರೆ, ಬಟ್ಟೆ 70. ಕೂಡಿದರೆ 630 ಕಿಲೋ. ಕೋಣೆ ಇನ್ನೂ ಅರ್ಧ ಖಾಲಿ ಕಾಣುತ್ತಿರುವಾಗಲೇ ಹೊರುವ ಶಕ್ತಿಯ ಮುಕ್ಕಾಲು ಪಾಲಿನ ಹತ್ತಿರ ಬಂದೆವು. 18 ಮಿಲಿಮೀಟರು ದಪ್ಪದ, ಎಂಟು ಅಡಿಗೆ ನಾಲ್ಕು ಅಡಿಯ ಪ್ಲೈವುಡ್ಡಿನ ಒಂದೇ ಹಾಳೆ 30 ಕಿಲೋಗಿಂತ ಹೆಚ್ಚು ತೂಗುತ್ತದೆಂದು ಬಡಿಗನಿಗೆ ಮೊದಲೇ ನೆನಪಿಸಬೇಕು. ಎಲ್ಲವನ್ನೂ ತುಂಬಿದ ಮೇಲೆ ಕಬ್ಬು ತೂಗುವ ಕಾಟಾದ ಮೇಲೆ ಮುಂದಿನ ಅಚ್ಚು, ಹಿಂದಿನ ಅಚ್ಚುಗಳನ್ನು ಬೇರೆಬೇರೆಯಾಗಿ ತೂಗಿಸುವುದು ಜಾಣತನ.

ಎರಡನೆಯ ಪಾಠ ವಿದ್ಯುತ್ತಿನದು. 12 ವೋಲ್ಟಿನ, 100 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 1200 ವ್ಯಾಟ್-ಗಂಟೆಯಷ್ಟು ಶಕ್ತಿಯಿರುತ್ತದೆ. ಸೀಸದ ಬ್ಯಾಟರಿ ಬಾಳಿಕೆ ಬರಬೇಕಾದರೆ ಅದರಲ್ಲಿ ಅರ್ಧವನ್ನಷ್ಟೇ ಬಳಸಬೇಕು, ಅಂದರೆ 600. ಶೀತಪೆಟ್ಟಿಗೆ 40 ವ್ಯಾಟಿನಂತೆ ದಿನಕ್ಕೆ ಒಟ್ಟು 8 ಗಂಟೆ ಓಡಿದರೆ 320, ದೀಪ ಮತ್ತು ಮೊಬೈಲಿಗೆ 60. ಹೀಗೆ ದಿನಕ್ಕೆ 380 ಆದರೆ ಎರಡನೆಯ ದಿನದ ಮಧ್ಯದಲ್ಲಿಯೇ ಗಂಟು ಕರಗಿತು. 100 ವ್ಯಾಟಿನ ಸೌರಫಲಕವು ಒಳ್ಳೆಯ ಬಿಸಿಲಿನಲ್ಲಿ ಅದರ ಬಹುಪಾಲನ್ನು ತುಂಬಿಕೊಡಬಲ್ಲುದು. ಈ ಬ್ಯಾಟರಿ ಗಾಡಿಯ ಸ್ವಂತ ಬ್ಯಾಟರಿಯಿಂದ ಬೇರೆಯಾಗಿರಬೇಕು. ಇಲ್ಲದಿದ್ದರೆ ರಾತ್ರಿ ದೀಪ ಉರಿಸಿದವನು ಬೆಳಿಗ್ಗೆ ಗಾಡಿಯನ್ನು ತಳ್ಳಬೇಕಾದೀತು. ತಂತಿಗೆ ಬ್ಯಾಟರಿಯ ಹತ್ತಿರವೇ ಫ್ಯೂಸು ಇರತಕ್ಕದ್ದು.

ಧೂಳಿನ ಮಾತೂ ಒಂದಿದೆ. ಓಡುವ ಗಾಡಿಯ ಹಿಂಬದಿಯಲ್ಲಿ ಗಾಳಿಯ ಒತ್ತಡ ಕಡಿಮೆಯಾಗಿ, ಎದ್ದ ಧೂಳು ಹಿಂಬಾಗಿಲಿನ ಸಂದುಗಳಿಂದ ಒಳಗೆ ಎಳೆಯಲ್ಪಡುತ್ತದೆ. ಆಸ್ಟ್ರೇಲಿಯಾದವರು ಸಂದುಗಳಿಗೆ ರಬ್ಬರು ಪಟ್ಟಿ ಅಂಟಿಸುವುದಲ್ಲದೆ, ಮಾಡಿನಲ್ಲಿ ಮುಂದಕ್ಕೆ ಮುಖಮಾಡಿದ ಗಾಳಿಗಂಡಿಯೊಂದನ್ನು ಇಡುತ್ತಾರೆ. ಎದುರುಗಾಳಿ ಅದರೊಳಗೆ ನುಗ್ಗಿ ಒಳಗಿನ ಒತ್ತಡವನ್ನು ಹೆಚ್ಚಿಸುವುದರಿಂದ ಧೂಳು ಹೊರಗೇ ಉಳಿಯುತ್ತದೆ.

ಕೊನೆಯ ಪಾಠ ಉಸಿರಿನದು. ಇದರಲ್ಲಿ ತಪ್ಪಿದರೆ ತಿದ್ದಿಕೊಳ್ಳಲು ಅವಕಾಶವಿಲ್ಲ. ಮಲಗಿದವರ ಉಸಿರಿನ ತೇವವು ಚಳಿಯ ರಾತ್ರಿ ತಣ್ಣಗಿನ ತಗಡಿಗೆ ತಾಗಿ ಹನಿಯಾಗಿ ಹಾಸಿಗೆಯ ಮೇಲೆ ತೊಟ್ಟಿಕ್ಕುತ್ತದೆ. ಆಗ ಜನರು ಇದ್ದಬದ್ದ ಕಿಟಕಿಗಳನ್ನು ಮುಚ್ಚಿ, ಒಳಗೆ ಒಲೆಯನ್ನೋ ಇದ್ದಲಿನ ಅಗ್ಗಿಷ್ಟಿಕೆಯನ್ನೋ ಇಟ್ಟುಕೊಳ್ಳುತ್ತಾರೆ. ಗಾಳಿ ಸಾಲದೆ ಉರಿಯುವ ಬೆಂಕಿಯಿಂದ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹೀಮೋಗ್ಲೋಬಿನ್ನನ್ನು ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮೀರಿದ ಬಿಗಿಯಲ್ಲಿ ಹಿಡಿಯುತ್ತದೆ. ಮಲಗಿದವನಿಗೆ ಎಚ್ಚರವಾಗುವುದೇ ಇಲ್ಲ. ಆದುದರಿಂದ ಕೆಳಗೊಂದು, ಮೇಲೊಂದು ಗಾಳಿಗಂಡಿ ಸದಾ ತೆರೆದಿರಲಿ. ಅಡಿಗೆ ಹೊರಗೇ ನಡೆಯಲಿ. ಅನುಭವಸ್ಥರು ಹಿಂಬಾಗಿಲಿನ ಮೇಲೆ ಹೊರಕ್ಕೆ ಎಳೆಯುವ ಅಡಿಗೆಪೆಟ್ಟಿಗೆಯನ್ನು ಮಾಡಿಸಿಕೊಳ್ಳುವುದು ಈ ಕಾರಣದಿಂದಲೇ. ಅಡಿಗೆಯ ಅನಿಲ ಗಾಳಿಗಿಂತ ಭಾರವಾದುದರಿಂದ, ಸಿಲಿಂಡರು ಇಡುವ ಪೆಟ್ಟಿಗೆಯ ತಳದಲ್ಲಿ ಹೊರಕ್ಕೆ ತೆರೆಯುವ ರಂಧ್ರವಿರಬೇಕು. ಇಂಥ ಮುಚ್ಚಳಗಳ ಚಿಲಕ ಸಾಮಾನ್ಯವಾಗಿ ಹೊರಗಿರುತ್ತದೆ. ಒಳಗಿನಿಂದಲೂ ತೆರೆಯುವ ಏರ್ಪಾಡಾಗದೆ ಅದರೊಳಗೆ ಯಾರೂ ಮಲಗಕೂಡದು.

ಇನ್ನು ತರುಣರ ಪ್ರಶ್ನೆಗೆ ಬರೋಣ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ನೋಂದಣಿ ಪತ್ರದ ವಿವರಗಳಿಗೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಮನಬಂದ ಹಾಗೆ ಮಾರ್ಪಡಿಸುವಂತಿಲ್ಲ. ಆದುದರಿಂದ ಬಡಿಗನ ಬಳಿಗೆ ಹೋಗುವ ಮೊದಲು ಆರ್‌ಟಿಓ ಕಚೇರಿಗೆ ಹೋಗಿ ವಿಚಾರಿಸಿಕೊಳ್ಳಿರಿ. ಸೊಲ್ಲಾಪುರದ ಗಾಡಿ ವಿಜಯಪುರದ ರಸ್ತೆಗೆ ಇಳಿದರೂ ಈ ಕಾಯಿದೆ ಬದಲಾಗುವುದಿಲ್ಲ.

ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಆ ದೇಶಗಳಲ್ಲಿ ಹಿಂದಿನ ಕೋಣೆ ಗಾಡಿ ನಿಂತ ಮೇಲಿನ ಮನೆ. ಗಾಡಿ ಓಡುವಾಗ ಎಲ್ಲರೂ ಮುಂದಿನ ಆಸನಗಳಲ್ಲಿ ಪಟ್ಟಿ ಬಿಗಿದು ಕುಳಿತಿರುತ್ತಾರೆ. ನಮ್ಮಲ್ಲಾದರೋ ಜಾತ್ರೆಗೆ, ಲಗ್ನಕ್ಕೆ ಪಿಕಪ್ಪಿನ ಹಿಂದೆ ಮುದುಕರನ್ನೂ ಮಕ್ಕಳನ್ನೂ ಇಡುಕಿಕೊಂಡು ಓಡಿಸುತ್ತಾರೆ. ಗಾಡಿ ಮಗುಚಿದಾಗ ಹೊರಗೆ ಎಸೆಯಲ್ಪಡುವವರು ಅವರೇ. ಮೇಲೊಂದು ಚಂದದ ಮುಚ್ಚಳ ಬಂದ ಮಾತ್ರಕ್ಕೆ ಅದು ಕುಳಿತು ಪಯಣಿಸುವ ಸ್ಥಳವಾಗುವುದಿಲ್ಲ. ನಮ್ಮ ಬಂಡಿ ಎತ್ತಿನ ಹೆಜ್ಜೆಯ ವೇಗದಲ್ಲಿ ಸಾಗುತ್ತಿತ್ತು, ಬಿದ್ದವನು ಮೈ ಕೊಡವಿಕೊಂಡು ಏಳುತ್ತಿದ್ದನು. ಪಿಕಪ್ಪಿನಿಂದ ಬಿದ್ದವನಿಗೆ ಆ ಭಾಗ್ಯವಿಲ್ಲ.

ಮನೆಯನ್ನು ಗಾಲಿಯ ಮೇಲೆ ಇಡುವವರು ಇಷ್ಟನ್ನು ತಿಳಿದು ಇಡಲಿ. ಹೋದವರೆಲ್ಲ ಮರಳಿ ಮನೆಯ ಹೊಸ್ತಿಲು ತುಳಿದರೇನೇ ಪ್ರವಾಸ ಪೂರ್ತಿಯಾದಂತೆ.